ಕ್ರಿಯಾಪದಗಳಿಗೆ ಪರ್ಯಾಯ: ನಿಘಂಟು, ಧಾತುಪಾಠ ಮತ್ತು ಪ್ರವೇಶ ಪರೀಕ್ಷೆ

ವಸತಿಶಾಲೆಗಳ ಪ್ರವೇಶ ಪರೀಕ್ಷೆಗೆ ಸಿದ್ಧರಾಗುವ ಐದನೆಯ ತರಗತಿಯ ಮಕ್ಕಳಿಗೆ ಸಮಾನಾರ್ಥಕ ಪದಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವುದು ಈಗ ರೂಢಿಯಾಗಿದೆ. ಸೂರ್ಯನಿಗೆ ರವಿ, ಭಾನು ಎಂದು ಕಲಿಸಿದ ಹಾಗೆಯೇ ರಕ್ಷಿಸು ಎಂದರೆ ಕಾಯು, ತ್ಯಜಿಸು ಎಂದರೆ ಬಿಡು, ಮರಣಿಸು ಎಂದರೆ ಸಾಯು ಎಂದು ಕ್ರಿಯಾಪದಗಳ ಜೋಡಿಗಳನ್ನೂ ಕಲಿಸಲಾಗುತ್ತದೆ. ಮೇಲುನೋಟಕ್ಕೆ ಇದು ಅಮರಕೋಶವನ್ನು ಕಂಠಸ್ಥ ಮಾಡುತ್ತಿದ್ದ ಹಳೆಯ ಪದ್ಧತಿಯ ಮುಂದುವರಿಕೆಯಂತೆ ಕಾಣುತ್ತದೆ. ಆದರೆ ನಮ್ಮ ಕೋಶ-ವ್ಯಾಕರಣ ಪರಂಪರೆಯನ್ನು ಪರಿಶೀಲಿಸಿದರೆ, ನಾಮಪದಗಳನ್ನೂ ಕ್ರಿಯಾಪದಗಳನ್ನೂ ಅದು ಒಂದೇ ಬಗೆಯಲ್ಲಿ ಕಲಿಸಿಲ್ಲ ಎಂಬುದು ತಿಳಿಯುತ್ತದೆ. ಈ ಭೇದಕ್ಕೆ ಕಾರಣವೇನು, ಅದನ್ನು ಮರೆತುದರಿಂದ ಆದ ನಷ್ಟವೇನು ಎಂಬುದನ್ನು ಇಲ್ಲಿ ವಿಚಾರಿಸಬಹುದು.

ಕ್ರಿಯಾಪದಗಳನ್ನು ಅರ್ಥಾನುಸಾರವಾಗಿ ಒಟ್ಟುಗೂಡಿಸುವ ಯತ್ನ ಬಹು ಪ್ರಾಚೀನವಾದುದು. ಯಾಸ್ಕನ ನಿರುಕ್ತಕ್ಕೆ ಆಧಾರವಾದ ವೈದಿಕ ನಿಘಂಟುವಿನಲ್ಲಿ ನಾಮಪದಗಳ ಗುಂಪುಗಳೊಡನೆ ಕ್ರಿಯೆಗಳ ಗುಂಪುಗಳೂ ಇವೆ. ಗತಿಯನ್ನು, ಎಂದರೆ ಹೋಗುವುದನ್ನು, ಸೂಚಿಸುವ 122 ರೂಪಗಳನ್ನು ಅಲ್ಲಿ ಒಂದೆಡೆ ಕೊಡಲಾಗಿದೆ. ಆದರೆ ಅದೇ ಯಾಸ್ಕನು ನಾಮದಲ್ಲಿ ಸತ್ತ್ವವೂ ಆಖ್ಯಾತದಲ್ಲಿ ಭಾವವೂ ಪ್ರಧಾನವೆಂದು ಭೇದವನ್ನು ಹೇಳಿದ್ದಾನೆ. ಸತ್ತ್ವವೆಂದರೆ ಇರುವ ವಸ್ತು, ಭಾವವೆಂದರೆ ಆಗುವಿಕೆ. ವಸ್ತುವೊಂದಕ್ಕೆ ಹತ್ತು ಹೆಸರುಗಳಿದ್ದರೂ ವಸ್ತು ಒಂದೇ ಆಗಿ ಉಳಿಯುತ್ತದೆ. ಆಗುವಿಕೆ ಹಾಗಲ್ಲ, ಮಾಡುವವರು ಯಾರು, ಯಾವುದನ್ನು, ಯಾವುದರಿಂದ ಎಂಬುದರೊಡನೆ ಅದೂ ಬದಲಾಗುತ್ತದೆ.

ಮುಂದೆ ಬಂದ ಕೋಶಕಾರರು ಈ ಭೇದವನ್ನು ಪಾಲಿಸಿದಂತೆ ತೋರುತ್ತದೆ. ಅಮರಸಿಂಹನ ಕೃತಿಯ ನಿಜವಾದ ಹೆಸರು ನಾಮಲಿಂಗಾನುಶಾಸನ; ನಾಮಗಳೂ ಅವುಗಳ ಲಿಂಗಗಳೂ ಅದರ ವಿಷಯ, ಕೊನೆಯಲ್ಲಿ ಅವ್ಯಯಗಳಿಗೂ ಎಡೆಯುಂಟು. ಕ್ರಿಯಾಪದಗಳಿಗೆ ಅಲ್ಲಿ ಸ್ಥಾನವಿಲ್ಲ. ಜೈನ ವಿದ್ಯಾರ್ಥಿಗಳಲ್ಲಿ ಬಹುಪ್ರಚಾರ ಪಡೆದ ಧನಂಜಯನ ನಾಮಮಾಲೆಯೂ ಹೆಸರೇ ಹೇಳುವಂತೆ ನಾಮಗಳ ಮಾಲೆ. ಭೂಮಿಯ ಪರ್ಯಾಯಗಳನ್ನು ಹೇಳಿ, ಅವುಗಳಿಗೆ ‘ಧರ’ ಸೇರಿದರೆ ಪರ್ವತ, ‘ಪತಿ’ ಸೇರಿದರೆ ಅರಸು, ‘ರುಹ’ ಸೇರಿದರೆ ಮರ ಎಂದು ಆತನು ತೋರಿಸುವ ಉಪಾಯ ಬಲು ಸೊಗಸಾದುದು. ಒಂದು ಪಟ್ಟಿ ಕಲಿತವನಿಗೆ ನಾಲ್ಕು ಪಟ್ಟಿಗಳು ಕೈಗೆ ಸಿಗುತ್ತವೆ. ಭೂಮಿಯ ಯಾವ ಹೆಸರನ್ನು ತೆಗೆದುಕೊಂಡರೂ ಫಲ ಒಂದೇ ಆಗುವುದರಿಂದ ಇದು ಸಾಧ್ಯವಾಯಿತು. ಕ್ರಿಯಾಪದಗಳಲ್ಲಿ ಇಂತಹ ಸೂತ್ರ ನಡೆಯದು.

ಹಾಗಾದರೆ ಕ್ರಿಯಾಪದಗಳು ಎಲ್ಲಿ ಹೋದುವು? ಅವು ವ್ಯಾಕರಣದ ಭಾಗವಾಗಿ ಧಾತುಪಾಠದಲ್ಲಿ ನೆಲೆಗೊಂಡವು. ಪಾಣಿನೀಯ ಧಾತುಪಾಠದಲ್ಲಿ ಸುಮಾರು 2000 ಧಾತುಗಳು ಹತ್ತು ಗಣಗಳಲ್ಲಿ ಹಂಚಿಕೊಂಡಿವೆ. ಅಲ್ಲಿ ಅನೇಕಾನೇಕ ಧಾತುಗಳಿಗೆ ‘ಗತಿ’ ಎಂಬ ಒಂದೇ ಅರ್ಥವನ್ನು ಹೇಳಿರುವುದುಂಟು. ಇವೆಲ್ಲ ಸಮಾನಾರ್ಥಕಗಳೆಂದು ಅದರ ತಾತ್ಪರ್ಯವಲ್ಲ. ಅದು ಧಾತುವನ್ನು ಗುರುತಿಸಲು ಇಟ್ಟ ಸ್ಥೂಲವಾದ ಸೂಚನೆ ಮಾತ್ರ. ಧಾತುಗಳು ಅನೇಕಾರ್ಥಕಗಳೆಂಬುದು ವೈಯಾಕರಣರೆಲ್ಲ ಒಪ್ಪಿದ ಮಾತು. ನಿಶ್ಚಿತವಾದ ಅರ್ಥವನ್ನು ಪ್ರಯೋಗದಿಂದಲೇ ತಿಳಿಯಬೇಕು.

ಈ ಪ್ರಯೋಗಮಾರ್ಗಕ್ಕೆ ಕನ್ನಡ ನಾಡಿನಲ್ಲಿಯೇ ಒಂದು ಉತ್ತಮ ನಿದರ್ಶನವಿದೆ. 10ನೆಯ ಶತಮಾನದಲ್ಲಿ ಹಲಾಯುಧನು ಎರಡು ಕೃತಿಗಳನ್ನು ರಚಿಸಿದನು. ನಾಮಪದಗಳಿಗೆ ಅಭಿಧಾನರತ್ನಮಾಲೆ ಎಂಬ ಕೋಶ. ಧಾತುಗಳಿಗೆ ಕವಿರಹಸ್ಯ ಎಂಬ ಕಾವ್ಯ. ಮಾನ್ಯಖೇಟದಿಂದ, ಎಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಸ್ತುತಿಯ ನೆಪದಲ್ಲಿ ಕವಿರಹಸ್ಯವು ಧಾತುರೂಪಗಳನ್ನು ಪದ್ಯಗಳಲ್ಲಿ ಬಳಸಿ ತೋರಿಸುತ್ತದೆ. ನಾಮಗಳಿಗೆ ಪಟ್ಟಿ, ಕ್ರಿಯೆಗಳಿಗೆ ವಾಕ್ಯ ಎಂಬ ವಿವೇಕ ಒಬ್ಬನೇ ಗ್ರಂಥಕಾರನಲ್ಲಿ ಹೀಗೆ ಕಾಣುತ್ತದೆ.

ಕನ್ನಡದ ಮಟ್ಟಿಗೂ ಇದೇ ವಿಭಾಗ ನಡೆದುಬಂದಿದೆ. ಇಮ್ಮಡಿ ನಾಗವರ್ಮನ ಅಭಿಧಾನವಸ್ತುಕೋಶವು ಸಂಸ್ಕೃತ ಶಬ್ದಗಳಿಗೆ ಕನ್ನಡದಲ್ಲಿ ಅರ್ಥ ಹೇಳುವ ಕೋಶ. ಧಾತುಗಳನ್ನು ಸಂಗ್ರಹಿಸಿದವನು ವೈಯಾಕರಣನಾದ ಕೇಶಿರಾಜ. ಸುಮಾರು 1260ರಲ್ಲಿ ರಚಿತವಾದ ಶಬ್ದಮಣಿದರ್ಪಣದ ಎಂಟು ಪ್ರಕರಣಗಳಲ್ಲಿ ಧಾತುಪ್ರಕರಣವೂ ಒಂದು. ಕನ್ನಡದ ಧಾತುಗಳನ್ನು ಅವನು ಅರ್ಥದ ಗುಂಪುಗಳಾಗಿ ಅಲ್ಲ, ಅಂತ್ಯಾಕ್ಷರದ ಕ್ರಮದಲ್ಲಿ ಜೋಡಿಸಿದ್ದಾನೆ. ಹೀಗೆ ಜೋಡಿಸಿದಾಗ ಧಾತುವಿನ ರೂಪ ಸ್ಪಷ್ಟವಾಗುತ್ತದೆ. ‘ಅರಿ’ ಎಂದರೆ ಕತ್ತರಿಸು, ‘ಅಱಿ’ ಎಂದರೆ ತಿಳಿ; ಶಕಟರೇಫ ಬಿದ್ದುಹೋದ ಮೇಲೆ ಎರಡೂ ‘ಅರಿ’ಯೇ ಆಗಿವೆ. ಇಂದಿನ ವಿದ್ಯಾರ್ಥಿಗೆ ‘ಅರಿ’ಯ ಸಮಾನಾರ್ಥಕವನ್ನು ವಾಕ್ಯವಿಲ್ಲದೆ ಕೇಳಿದರೆ ಎರಡು ಸರಿಯುತ್ತರಗಳು ಹೊರಡುತ್ತವೆ. ‘ಕಾಯು’ ಎಂಬುದಂತೂ ಇನ್ನೂ ತೊಡಕಿನದು. ಹೊಲವನ್ನು ಕಾಯುವುದು ರಕ್ಷಣೆ, ಬಸ್ಸಿಗೆ ಕಾಯುವುದು ನಿರೀಕ್ಷೆ, ನೀರು ಕಾಯುವುದು ಬಿಸಿಯಾಗುವಿಕೆ. ವಿಭಕ್ತಿಯನ್ನೂ ಕರ್ತೃವನ್ನೂ ಬಿಟ್ಟು ಇಲ್ಲಿ ಅರ್ಥವೇ ಇಲ್ಲ.

ಪರ್ಯಾಯವೆಂದು ಅವಸರದಿಂದ ಬರೆದರೆ ಏನನ್ನು ಕಳೆದುಕೊಳ್ಳುತ್ತೇವೆ ಎಂಬುದಕ್ಕೆ ಶಾಸನಗಳು ಸಾಕ್ಷಿ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ 7ನೆಯ ಶತಮಾನದಿಂದ ದೊರೆಯುವ ನಿಸಿದಿ ಶಾಸನಗಳಲ್ಲಿ ಸಲ್ಲೇಖನ ವ್ರತದಿಂದ ದೇಹವನ್ನು ತೊರೆದವರಿಗೆ ‘ನೋನ್’ ಮತ್ತು ‘ಮುಡಿಪು’ ಎಂಬ ಧಾತುಗಳು ಮತ್ತೆ ಮತ್ತೆ ಬಳಕೆಯಾಗಿವೆ. ನೋನ್ ಎಂದರೆ ವ್ರತವನ್ನು ಆಚರಿಸು. ಮುಡಿಪು ಎಂದರೆ ಮುಗಿಸು, ಪೂರ್ಣಗೊಳಿಸು. ವೀರಗಲ್ಲುಗಳಲ್ಲಿ ಬರುವುದು ‘ಇಱಿ’ ಮತ್ತು ‘ಸಾಯ್’. ಹೋರಾಡಿ ಸತ್ತನೆಂಬುದೇ ಅಲ್ಲಿ ಹೇಳಬೇಕಾದ ಮಾತು. ಹಲಾಯುಧನ ಸ್ತುತಿಗೆ ಪಾತ್ರನಾದ ಅದೇ ಮುಮ್ಮಡಿ ಕೃಷ್ಣನ ಕಾಲದ, 949–50ರ ಆತಕೂರು ಶಾಸನದಲ್ಲಿ ಕಾಳಿ ಎಂಬ ಬೇಟೆನಾಯಿಯೂ ಹಂದಿಯೂ ಕಾದಾಡಿ ಕೂಡಿಯೇ ಸತ್ತ ಸಂಗತಿಗೂ ‘ಸಾಯ್’ ಧಾತುವೇ ಬಂದಿದೆ. ಸಾವೆಂಬ ಘಟನೆ ಎಲ್ಲರಿಗೂ ಒಂದೇ. ಆದರೆ ವ್ರತಿಯು ಅದನ್ನು ಮಾಡಿ ಮುಗಿಸುತ್ತಾನೆ, ವೀರನು ಅದನ್ನು ಎದುರಿಸುತ್ತಾನೆ. ‘ಮುಡಿಪು’ ಎಂದರೆ ‘ಸಾಯು’ ಎಂದಷ್ಟೇ ಬರೆದುಕೊಂಡ ವಿದ್ಯಾರ್ಥಿಯು ನಿಸಿದಿ ಶಾಸನವನ್ನು ಓದಬಲ್ಲನು, ಆದರೆ ಅದು ಒಂದು ಜೀವನದೃಷ್ಟಿಯ ದಾಖಲೆಯೆಂದು ಗ್ರಹಿಸಲಾರನು.

ಬಾಯಿಪಾಠದ ಪದ್ಧತಿಯ ಮೇಲಿನ ಆಕ್ಷೇಪವೂ ಹೊಸತಲ್ಲ. 1822ರಲ್ಲಿ ಮದರಾಸಿನ ಗವರ್ನರ್ ಥಾಮಸ್ ಮನ್ರೋ ದೇಶೀಯ ಶಾಲೆಗಳ ವಿವರ ಕೇಳಿದಾಗ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರಲ್ಲಿ ವರದಿ ಸಲ್ಲಿಸಿದನು. ಆ ಜಿಲ್ಲೆಯಲ್ಲಿದ್ದ 533 ಶಾಲೆಗಳಲ್ಲಿ 235 ಕನ್ನಡ ಶಾಲೆಗಳು. ಶಾಲೆಗಳಲ್ಲಿ ಕಂಡ ಕೋಶ-ವ್ಯಾಕರಣ ಗ್ರಂಥಗಳ ಸಾಲಿನಲ್ಲಿ ನಿಘಂಟು, ಅಮರದೊಡನೆ ಶಬ್ದಮಣಿದರ್ಪಣದ ಹೆಸರೂ ಇದೆ. ಆದರೆ ಅವು ದೊರೆಯುತ್ತಿದ್ದುದು ಕೆಲವೇ ಶಾಲೆಗಳಲ್ಲಿ. ಮಕ್ಕಳು ಅಸಂಖ್ಯಾತ ಪದ್ಯಗಳನ್ನು ಒಪ್ಪಿಸುತ್ತಾರೆ, ಅರ್ಥದ ವಿಷಯದಲ್ಲಿ ಮಾತ್ರ ಅವರು ಗಿಳಿಗಳಂತೆ ಎಂದು ಅವನು ದೂರಿದ್ದಾನೆ. ಓದುವ ಗ್ರಂಥದ ಭಾಷೆಗೂ ಆಡುವ ಭಾಷೆಗೂ ಇದ್ದ ಅಂತರವೇ ಇದಕ್ಕೆ ಕಾರಣವೆಂದು ಅವನು ಗುರುತಿಸಿದ್ದನು. ವಸಾಹತು ಅಧಿಕಾರಿಯ ಮಾತನ್ನು ಎಚ್ಚರದಿಂದಲೇ ಓದಬೇಕು. ಆದರೂ ಈ ಕಾರಣ ಇಂದಿಗೂ ಸತ್ಯ.

ಇಂದಿನ ಪಟ್ಟಿಗಳನ್ನು ಈ ಹಿನ್ನೆಲೆಯಲ್ಲಿ ನೋಡಿದರೆ ಅವುಗಳಲ್ಲಿ ಹೆಚ್ಚಿನವು ‘ಇಸು’ ಪ್ರತ್ಯಯ ಹತ್ತಿದ ಸಂಸ್ಕೃತ ಶಬ್ದಕ್ಕೆ ಒಂದು ದೇಶ್ಯ ಧಾತುವನ್ನು ಜೋಡಿಸುತ್ತವೆ. ಬಿಡು–ತ್ಯಜಿಸು ಜೋಡಿಯನ್ನೇ ನೋಡೋಣ. ಊರು ಬಿಡಬಹುದು, ಬಾಣ ಬಿಡಬಹುದು, ಕೂದಲು ಬಿಡಬಹುದು. ತ್ಯಜಿಸಲು ಬರುವುದು ಇವುಗಳಲ್ಲಿ ಊರೊಂದನ್ನೇ. ಇದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಪಟ್ಟಿಯಲ್ಲಿ ಸೇರದ ಧಾತುಗಳು. ರಾಗಿಯನ್ನು ಬೀಸುತ್ತಾರೆ, ಭತ್ತವನ್ನು ಕುಟ್ಟುತ್ತಾರೆ, ನೆನೆಸಿದ ಅಕ್ಕಿಯನ್ನು ರುಬ್ಬುತ್ತಾರೆ, ಗಂಧವನ್ನು ತೇಯುತ್ತಾರೆ. ಕಣದಲ್ಲಿ ತೂರುವುದು ಬೇರೆ, ಮೊರದಲ್ಲಿ ಕೇರುವುದು ಬೇರೆ. ರೈತರ ಮನೆಯ ಮಗುವಿಗೆ ಈ ಸೂಕ್ಷ್ಮಗಳು ಕೈಯಾರೆ ಗೊತ್ತು. ಆ ಮಗುವಿನ ಶಬ್ದಸಂಪತ್ತನ್ನು ಅಳೆಯುವಾಗ ಇವು ಲೆಕ್ಕಕ್ಕೆ ಬರದೆ, ಸಂಸ್ಕೃತದ ಜೋಡಿ ತಿಳಿಯದುದೇ ಕೊರತೆಯೆನಿಸುತ್ತದೆ.

ನವೋದಯ ವಿದ್ಯಾಲಯದ ಪ್ರವೇಶ ಪರೀಕ್ಷೆಯ ಭಾಷಾ ವಿಭಾಗದಲ್ಲಿ ಪ್ರಶ್ನೆಗಳನ್ನು ಗದ್ಯಭಾಗಗಳ ಆಧಾರದಿಂದ ಕೇಳುತ್ತಾರೆ. ಪದದ ಅರ್ಥವನ್ನು ಕೇಳಿದಾಗಲೂ ಅದರ ವಾಕ್ಯ ಮಗುವಿನ ಕಣ್ಣ ಮುಂದಿರುತ್ತದೆ. ಪರೀಕ್ಷೆ ಉಳಿಸಿಕೊಂಡ ಈ ವಾಕ್ಯವನ್ನು ಅಭ್ಯಾಸದ ಪಟ್ಟಿಗಳು ಕಿತ್ತುಹಾಕಿವೆ. ಕ್ರಿಯಾಪದವನ್ನು ಅದರ ಕರ್ತೃಕರ್ಮಗಳೊಡನೆ ಕೊಟ್ಟು, ಇನ್ನೊಂದು ಧಾತುವನ್ನು ಅಲ್ಲಿಟ್ಟರೆ ಏನು ಉಳಿಯುತ್ತದೆ, ಏನು ಬದಲಾಗುತ್ತದೆ ಎಂದು ಕೇಳುವುದು ಹೆಚ್ಚು ಫಲದಾಯಕ. ಇದಕ್ಕೆ ಹೊಸ ಸಿದ್ಧಾಂತವೇನೂ ಬೇಕಿಲ್ಲ. ಮಾನ್ಯಖೇಟದ ಅರಸನ ಹೆಸರಿನಲ್ಲಿ ಹಲಾಯುಧನು ಸಾವಿರ ವರ್ಷಗಳ ಹಿಂದೆ ಹಿಡಿದ ದಾರಿ ಇದೇ. ಹತ್ತು ವರ್ಷದ ಮಗುವಿಗೂ ಅದು ಸಲ್ಲುತ್ತದೆ.