ನಕ್ಷತ್ರದ ಹೆಸರು ಬರೆಯೋ ರಿಜಿಸ್ಟರ್ ಯಾರ ಹತ್ರ ಇದೆ?



ಹೋದ ವಾರ ನಮ್ಮ ಹುಡುಗರ ವಾಟ್ಸಾಪ್ ಗ್ರೂಪಲ್ಲಿ ಒಂದು ಮೆಸೇಜ್ ಬಂತು. ಈಚೆಗೆ ತೀರಿಕೊಂಡ ನಮ್ಮ ಹಿರಿಯರೊಬ್ಬರ ಹೆಸರನ್ನ ಒಂದು ನಕ್ಷತ್ರಕ್ಕೆ ಇಡಿಸೋಣ, ಆನ್‌ಲೈನಲ್ಲಿ ದುಡ್ಡು ಕಟ್ಟಿದ್ರೆ ಸರ್ಟಿಫಿಕೇಟ್ ಕಳಿಸ್ತಾರೆ, ತಲೆಗೆ ನೂರು ರೂಪಾಯಿ ಹಾಕಿ ಅಂತ. 1986ರಲ್ಲಿ ನಮ್ಮ ಸೊರಬ ತಾಲ್ಲೂಕಿನ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ತಡೆಯೋಕೆ ಹೋಗಿ ದಲಿತ ಸಂಘರ್ಷ ಸಮಿತಿಯವರು ಏಟು ತಿಂದರಲ್ಲ, ಆ ಗುಂಪಲ್ಲಿದ್ದ ಜೀವ ಅದು. ಸಂಜೆಯೊಳಗೆ ನಲವತ್ತೆರಡು ಜನ ದುಡ್ಡು ಹಾಕೇಬಿಟ್ರು. ಆಮೇಲೆ ಒಬ್ಬನಿಗೆ ಅನುಮಾನ ಬಂದು ನನಗೆ ಫೋನ್ ಮಾಡಿದ: "ಅಣ್ಣಾ, ನೀನು ಆಫೀಸಲ್ಲಿರೋನು. ಇದು ನಿಜಾನಾ ಅಂತ ಸ್ವಲ್ಪ ನೋಡಿ ಹೇಳು."

ನೋಡಿದೆ. ನಿಜ ಅಲ್ಲ.

ಆಕಾಶದ ಹೆಸರುಗಳನ್ನ ತೀರ್ಮಾನ ಮಾಡೋದು 1919ರಲ್ಲಿ ಶುರುವಾದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ. ನಕ್ಷತ್ರಗಳ ಹೆಸರಿಗಂತಲೇ 2016ರಲ್ಲಿ ಅದು ಒಂದು ಸಮಿತಿ ಮಾಡಿದೆ. ಆ ಸಮಿತಿ ಒಪ್ಪಿರೋದು ಕೆಲವೇ ನೂರು ಹೆಸರು. ನಮ್ಮ ಭರಣಿ, ರೇವತಿ ಅದರಲ್ಲಿ ಇದ್ದಾವೆ. ಉಳಿದ ಕೋಟ್ಯಂತರ ನಕ್ಷತ್ರಗಳಿಗೆ ಬರೀ ನಂಬರು. ಒಕ್ಕೂಟ ಹೆಸರು ಮಾರಲ್ಲ. ಮಾರೋ ಕಂಪನಿಗಳು ಬರೆದುಕೊಳ್ಳೋದು ತಮ್ಮದೇ ಪುಸ್ತಕದಲ್ಲಿ. ಅದೇ ನಕ್ಷತ್ರವನ್ನ ಇನ್ನೊಂದು ಕಂಪನಿ ಇನ್ನೊಬ್ಬರಿಗೆ ಮಾರಿದರೂ ಕೇಳೋರಿಲ್ಲ.

ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದೋನಿಗೆ ಇದು ಬೇಗ ಅರ್ಥ ಆಗುತ್ತೆ. ನಮ್ಮ ಟೇಬಲ್ ಮೇಲೆ ಆವಕ, ಜಾವಕ ವಹಿ ಇರುತ್ತೆ. ಯಾರೋ ಮನೆಯಲ್ಲಿ ನೋಟ್‌ಬುಕ್ಕಿಗೆ ಗೆರೆ ಹೊಡೆದು ನಂಬರ್ ಹಾಕಿದ್ರೆ ಅದು ಕಡತ ಆಗಲ್ಲ. ಸೊರಬ, ಶಿಕಾರಿಪುರದ ಬಗರ್‌ಹುಕುಂ ಸಾಗುವಳಿದಾರರನ್ನ ಕೇಳಿ. ಅಪ್ಪನ ಕಾಲದಿಂದ ಉಳ್ತಿರೋ ನೆಲ ಇದೆ, ಕಾಗದ ಇಲ್ಲ. ಇಲ್ಲಿ ಚೆಂದದ ಕಾಗದ ಇದೆ, ನಕ್ಷತ್ರ ಇಲ್ಲ.

2023ರ ಅಂಬೇಡ್ಕರ್ ಜಯಂತಿ ಹೊತ್ತಿಗೆ ಮಹಾರಾಷ್ಟ್ರದ ಅಭಿಮಾನಿಯೊಬ್ಬರು ಬಾಬಾಸಾಹೇಬರ ಹೆಸರಲ್ಲಿ ನಕ್ಷತ್ರ ನೋಂದಾಯಿಸಿದ್ದು ಪೇಪರಲ್ಲೆಲ್ಲ ಬಂದಿತ್ತು. ನಾನೂ ಕಣ್ಣು ಒದ್ದೆ ಮಾಡಿಕೊಂಡು ಶೇರ್ ಮಾಡಿದ್ದೆ. ಆ ಅಭಿಮಾನ ಸುಳ್ಳಲ್ಲ. ಆದರೆ ಅಂಥ ನೋಂದಣಿ ಖಗೋಳ ಒಕ್ಕೂಟದ ಪಟ್ಟಿಗೆ ಸೇರಲ್ಲ.

ಹಾಗಾದ್ರೆ ಮನುಷ್ಯರ ಹೆಸರು ಅಲ್ಲಿಗೆ ಹೋಗೇ ಇಲ್ವಾ? ಹೋಗಿದೆ. ಒಂದು ಕಥೆ ನನಗೆ ಬಹಳ ಇಷ್ಟ ಆಯ್ತು. 1814ರಲ್ಲಿ ಇಟಲಿಯ ಪಲೆರ್ಮೊ ವೀಕ್ಷಣಾಲಯದ ನಕ್ಷತ್ರಪಟ್ಟಿ ಅಚ್ಚಾಯಿತು. ಅದರಲ್ಲಿ ಎರಡು ನಕ್ಷತ್ರಕ್ಕೆ ಸುಆಲೊಸಿನ್, ರೊಟಾನೆವ್ ಅಂತ ಯಾರೂ ಕೇಳರಿಯದ ಹೆಸರು. ತುಂಬಾ ಕಾಲ ಯಾರಿಗೂ ಅರ್ಥ ಆಗಲಿಲ್ಲ. ಕೊನೆಗೆ ತಿರುಗಿಸಿ ಓದಿದ್ರೆ ನಿಕೊಲಾಸ್ ವೆನಾಟೊರ್! ಅಲ್ಲಿನ ಸಹಾಯಕ ನಿಕೊಲೊ ಕಾಚ್ಚಾತೋರೆ ತನ್ನ ಹೆಸರನ್ನ ಲ್ಯಾಟಿನ್ ಮಾಡಿ, ಹಿಂದುಮುಂದಾಗಿ ಬರೆದಿದ್ದ. ಆ ಎರಡು ಹೆಸರೂ ಈಗ ಅಧಿಕೃತ. ಎರಡೂ ಇರೋದು ನಮ್ಮ ಧನಿಷ್ಠಾ ನಕ್ಷತ್ರದಲ್ಲಿ. ಅಧಿಕಾರಿ ಹೆಸರೇ ಎಲ್ಲ ಕಡೆ ಬರೋ ಕಚೇರಿಯಲ್ಲಿ ಕೂತವರಿಗೆ ಈ ಕಳ್ಳತನದ ಖುಷಿ ಗೊತ್ತಾಗುತ್ತೆ.

ನಮ್ಮ ದೇಶದ್ದೂ ಒಂದಿದೆ. 2019ರಲ್ಲಿ ಒಕ್ಕೂಟ ಒಂದೊಂದು ದೇಶಕ್ಕೆ ಒಂದೊಂದು ನಕ್ಷತ್ರ, ಅದರ ಒಂದು ಗ್ರಹ ಕೊಟ್ಟು ಹೆಸರು ಕೇಳಿತು. ಭಾರತದಲ್ಲಿ ಜನ ಮತ ಹಾಕಿದರು. ಒಂದು ಪೈಸೆ ಖರ್ಚಿಲ್ಲದೆ ನಕ್ಷತ್ರಕ್ಕೆ ಬಿಭಾ ಅನ್ನೋ ಹೆಸರು ಬಂತು. ಬಿಭಾ ಚೌಧುರಿ ಬಂಗಾಳದ ಭೌತವಿಜ್ಞಾನಿ. 1940ರ ಆಸುಪಾಸಲ್ಲಿ ಡಿ.ಎಂ. ಬೋಸ್ ಜೊತೆ ಡಾರ್ಜಿಲಿಂಗ್ ಬೆಟ್ಟಗಳಲ್ಲಿ ಫೋಟೋ ಪ್ಲೇಟ್ ಇಟ್ಟು ಆಕಾಶದಿಂದ ಬರೋ ಕಣಗಳ ಜಾಡು ಹಿಡಿದವರು. ಯುದ್ಧದ ಕಾಲ, ಒಳ್ಳೆ ಪ್ಲೇಟ್ ಸಿಗಲಿಲ್ಲ. ಅದೇ ದಾರಿಯಲ್ಲಿ ಮುಂದೆ ಹೋದ ಇಂಗ್ಲೆಂಡಿನ ಸೆಸಿಲ್ ಪೊವೆಲ್‌ಗೆ 1950ರಲ್ಲಿ ನೊಬೆಲ್ ಸಿಕ್ಕಿತು. ಈ ತಾಯಿ 1991ರಲ್ಲಿ ತೀರಿಕೊಂಡಾಗ ಅವರನ್ನ ನೆನೆಸಿಕೊಳ್ಳೋರು ಕಡಿಮೆ.

ಬಿಭಾ ನಮ್ಮ ಕೋಲಾರ ಚಿನ್ನದ ಗಣಿಯ ಪ್ರಯೋಗಗಳಲ್ಲೂ ಕೆಲಸ ಮಾಡಿದವರು. ಎರಡು ಕಿಲೋಮೀಟರಿಗೂ ಹೆಚ್ಚು ಆಳದ ಅದೇ ಗಣಿಯಲ್ಲಿ 1965ರಲ್ಲಿ ನ್ಯೂಟ್ರಿನೊ ಅನ್ನೋ ಕಣದ ಗುರುತು ಸಿಕ್ಕಿತು. ಅಷ್ಟು ಆಳಕ್ಕೆ ಆ ಬಾವಿ ತೋಡಿದ್ದು ಯಾರು? ತಮಿಳು, ತೆಲುಗು ಸೀಮೆಯಿಂದ ಬಂದ ಕೂಲಿಗಳು, ಹೆಚ್ಚಿನವರು ನಮ್ಮ ಜನವೇ. 1954ರಲ್ಲಿ ಬಾಬಾಸಾಹೇಬರು ಕೆಜಿಎಫ್‌ಗೆ ಬಂದಿದ್ದು ಇವರನ್ನ ನೋಡೋಕೆ. ಕಲ್ಲಿನ ಧೂಳು ಕುಡಿದು ಪುಪ್ಪುಸ ಕಳಕೊಂಡರು. 2001ರಲ್ಲಿ ಗಣಿ ಮುಚ್ಚಿತು. ಬಿಭಾ ಹೆಸರು ಮೇಲೆ ಹೋದದ್ದಕ್ಕೆ ನನಗೆ ಸಂತೋಷ ಇದೆ. ಆ ಲಿಫ್ಟಲ್ಲಿ ದಿನಾ ಇಳಿದು ಹತ್ತಿದವರ ಹೆಸರು ಯಾವ ಪ್ರಬಂಧದಲ್ಲಿದೆ?

ಇನ್ನು ನಮ್ಮ ಪುರಾಣದ ಆಕಾಶ. ಮದುವೆಯಲ್ಲಿ ಪುರೋಹಿತರು ತೋರಿಸೋ ಅರುಂಧತಿ ಯಾರು? ಬಾಬಾಸಾಹೇಬರು 1927ರಲ್ಲಿ ಮಹಾಡ್‌ನಲ್ಲಿ ಸುಟ್ಟ ಮನುಸ್ಮೃತಿಯ 9ನೇ ಅಧ್ಯಾಯದಲ್ಲಿ ಅಕ್ಷಮಾಲೆ ಬರ್ತಾಳೆ. ಕೀಳು ಹುಟ್ಟಿನವಳು, ವಸಿಷ್ಠನ ಕೈಹಿಡಿದದ್ದರಿಂದ ಪೂಜ್ಯಳಾದಳಂತೆ. ಅವಳೇ ಅರುಂಧತಿ ಅಂತ ಹೇಳೋರಿದ್ದಾರೆ. ಪಕ್ಕದ ತಮಿಳುನಾಡಲ್ಲಿ ಅರುಂಧತಿಯರ್ ಅನ್ನೋದು ಪರಿಶಿಷ್ಟ ಜಾತಿಯ ಹೆಸರು. 2009ರಲ್ಲಿ ಅವರಿಗೆ ಒಳಮೀಸಲಾತಿ ಕಾಯ್ದೆಯೂ ಆಯ್ತು. ದಂಪತಿಗಳಿಗೆ ಆ ನಕ್ಷತ್ರ ತೋರಿಸೋರು ಆ ಜನರ ಮನೆಯಲ್ಲಿ ನೀರು ಕುಡೀತಾರಾ ಅಂತ ನಾನು ಒಂದು ಮದುವೆಯಲ್ಲಿ ಕೇಳಿ ಬೈಸಿಕೊಂಡಿದೀನಿ.

ತ್ರಿಶಂಕುವನ್ನೂ ನೋಡಿ. ವಸಿಷ್ಠನ ಮಕ್ಕಳ ಶಾಪದಿಂದ ರಾಜ ಚಂಡಾಲನಾದ. ವಿಶ್ವಾಮಿತ್ರ ದೇಹ ಸಮೇತ ಮೇಲೆ ಕಳಿಸಿದ, ಇಂದ್ರ ಒಳಗೆ ಬಿಟ್ಟುಕೊಳ್ಳಲಿಲ್ಲ. ತಲೆಕೆಳಗಾಗಿ ಅಲ್ಲೇ ನೇತಾಡಿದ. ಸ್ವರ್ಗದಲ್ಲೂ ಊರು ಬೇರೆ, ಕೇರಿ ಬೇರೆ. ಏಪ್ರಿಲ್ 14ರ ರಾತ್ರಿ ಹನ್ನೊಂದರ ಹೊತ್ತಿಗೆ ಹೊಸಬಾಳೆಯ ಬಯಲಲ್ಲಿ ನಿಂತರೆ ದಕ್ಷಿಣದಲ್ಲಿ ಮರಗಳ ಮೇಲೆಯೇ, ತಗ್ಗಿನಲ್ಲಿ ತ್ರಿಶಂಕು ಕಾಣ್ತಾನೆ. ಉತ್ತರಕ್ಕೆ ತಿರುಗಿದ್ರೆ ಸಪ್ತರ್ಷಿಗಳ ಬಾಲದಲ್ಲಿ ಅರುಂಧತಿ. ಜಯಂತಿ ಮುಗಿಸಿ ಕುರ್ಚಿ ಎತ್ತಿಡೋ ಹೊತ್ತು ಅದು. ಸರ್ಟಿಫಿಕೇಟ್ ಇಲ್ಲದೇ ನೋಡಬಹುದು.

ಇದನ್ನೆಲ್ಲ ಹುಡುಗರಿಗೆ ಹೇಳಿದೆ. ಸ್ವಲ್ಪ ಹೊತ್ತು ಮುಖ ಸಣ್ಣ ಮಾಡಿಕೊಂಡರು. ಆಮೇಲೆ ಒಬ್ಬ ಅಂದ, "ಹಂಗಾದ್ರೆ ಕಲ್ಲು ನಿಲ್ಲಿಸೋಣ ಅಣ್ಣಾ." ನಮ್ಮ ಕಡೆ ವೀರಗಲ್ಲಿಗೇನು ಬರ ಇಲ್ಲ, ಮೇಲ್ಗಡೆ ಸೂರ್ಯ ಚಂದ್ರ ಕೆತ್ತಿರ್ತಾರೆ. ಕೇರಿ ಬಾಯಲ್ಲಿ ಜಾಗ ಕೇಳಿ ಪಂಚಾಯ್ತಿಗೆ ಅರ್ಜಿ ಬರೆದಿದೀನಿ. ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಬಂದೆ. ನಾಲ್ಕು ಸಾವಿರದ ಇನ್ನೂರು ರೂಪಾಯಿ ಇದೆ, ಕಲ್ಲುಕುಟಿಗ ಕೇಳೋದು ಅದಕ್ಕಿಂತ ಜಾಸ್ತಿ. ಮೊನ್ನೆ ಅವರ ಮನೆಗೆ ಹೋಗಿ ಅವ್ವನ್ನ ಕೇಳಿದೆ, ಸೂರ್ಯ ಚಂದ್ರ ಹಾಕಿಸೋಣವಾ ಅಂತ. "ಅವೆಲ್ಲ ಬ್ಯಾಡ ತಮ್ಮಾ, ಕೈಯಾಗೆ ಒಂದು ಪುಸ್ತಕ ಇರ್ಲಿ. ಹೆಸರು ಮಾತ್ರ ದೊಡ್ಡದಾಗಿ ಬರೆಸು, ನನಗೆ ಕಣ್ಣು ಕಾಣಲ್ಲ" ಅಂದ್ರು.