ಫೆಟ್ ಸಿಮ್ಯುಲೇಷನ್‌ಗಳು

ವಿಜ್ಞಾನ ಮತ್ತು ಗಣಿತವನ್ನು ಪ್ರಯೋಗದ ಮೂಲಕ ಕಲಿಸುವ ಉಚಿತ ಆನ್‌ಲೈನ್ ಮಾದರಿಗಳು. 2001ರ ಭೌತವಿಜ್ಞಾನ ನೊಬೆಲ್ ಹಂಚಿಕೊಂಡ ಕಾರ್ಲ್ ವೀಮನ್, 2002ರಲ್ಲಿ ಅಮೆರಿಕದ ಕೊಲರಾಡೊ ಬೋಲ್ಡರ್ ವಿಶ್ವವಿದ್ಯಾಲಯದಲ್ಲಿ ಈ ಯೋಜನೆಯನ್ನು ಆರಂಭಿಸಿದರು. ಮೊದಲು ಭೌತವಿಜ್ಞಾನಕ್ಕೆ ಸೀಮಿತವಾಗಿದ್ದುದು ಮುಂದೆ ರಸಾಯನವಿಜ್ಞಾನ, ಗಣಿತ, ಜೀವವಿಜ್ಞಾನಗಳಿಗೂ ಹಬ್ಬಿತು.

ವಿದ್ಯುನ್ಮಂಡಲದ ಮಾದರಿ ಇವುಗಳಲ್ಲಿ ಬಹು ಜನಪ್ರಿಯ. ಬ್ಯಾಟರಿ, ತಂತಿ, ಬಲ್ಬ್, ಸ್ವಿಚ್‌ಗಳನ್ನು ಎಳೆದು ಜೋಡಿಸಿದರೆ ಎಲೆಕ್ಟ್ರಾನುಗಳು ನೀಲಿ ಚುಕ್ಕೆಗಳಾಗಿ ತಂತಿಯೊಳಗೆ ಸಾಗುತ್ತವೆ. ವೋಲ್ಟೇಜ್ ಏರಿಸಿದರೆ ಅವುಗಳ ಓಟ ಹೆಚ್ಚಿ ಬಲ್ಬ್ ಪ್ರಖರವಾಗುತ್ತದೆ. ಬ್ಯಾಟರಿಯ ಎರಡು ತುದಿಗಳನ್ನು ನೇರವಾಗಿ ಬೆಸೆದರೆ ಪರದೆಯ ಮೇಲೆ ಬೆಂಕಿ ಕಾಣಿಸಿಕೊಳ್ಳುತ್ತದೆ. ನಿಜವಾದ ಪ್ರಯೋಗಾಲಯದಲ್ಲಿ ಮಕ್ಕಳಿಗೆ ಬಿಡಲಾಗದ ಈ ತಪ್ಪನ್ನು ಇಲ್ಲಿ ಧೈರ್ಯವಾಗಿ ಮಾಡಿ ನೋಡಬಹುದು. ಇದೇ ಇದರ ದೊಡ್ಡ ಶಕ್ತಿ.

ಶಿಕ್ಷಕರು ಮೊದಲ ಕೆಲವು ನಿಮಿಷ ಸೂಚನೆ ಕೊಡದೆ ಮಕ್ಕಳನ್ನು ಆಡಲು ಬಿಟ್ಟು, ಆಮೇಲೆ ಪ್ರಶ್ನೆ ಕೇಳುವುದು ಒಳ್ಳೆಯ ಕ್ರಮ. ಶಿಕ್ಷಕರೇ ಪರದೆಯ ಮುಂದೆ ನಿಂತು ಎಲ್ಲವನ್ನೂ ಮಾಡಿ ತೋರಿಸಿದರೆ ಅದು ಬರೀ ಚಿತ್ರಪ್ರದರ್ಶನವಾದೀತು. ಒಂದೇ ಕಂಪ್ಯೂಟರ್ ಇರುವ ತರಗತಿಯಲ್ಲೂ ‘ಸ್ವಿಚ್ ತೆಗೆದರೆ ಯಾವ ಬಲ್ಬ್ ಆರುತ್ತದೆ?’ ಎಂದು ಮೊದಲೇ ಊಹೆ ಬರೆಸಿ, ಬಳಿಕ ಪರೀಕ್ಷಿಸಬಹುದು.

ಹಲವು ಮಾದರಿಗಳು ಕನ್ನಡದಲ್ಲೂ ಲಭ್ಯ. ಒಮ್ಮೆ ಇಳಿಸಿಕೊಂಡರೆ ಇಂಟರ್‌ನೆಟ್ ಇಲ್ಲದೆಯೂ ನಡೆಯುತ್ತವೆ.