ಹಿನ್ನೆಲೆಯ ವಸ್ತುವೂ ತೆರೆಯ ಘಟಕವೂ: ಕ್ಯೂಎಂಎಲ್ ಭಾಷೆಯ ಇತಿಹಾಸದಿಂದ ಒಂದು ಅಧ್ಯಾಯ

ಕಂಪ್ಯೂಟರಿನ ತೆರೆಯ ಮೇಲೆ ಕಾಣುವ ಗುಂಡಿ, ಪಟ್ಟಿ, ಅಂಕಿಗಳಿಗೂ ಅವುಗಳ ಹಿಂದೆ ನಿಂತು ಲೆಕ್ಕವನ್ನಿಡುವ ವಸ್ತುಗಳಿಗೂ ಇರಬೇಕಾದ ಸಂಬಂಧವೆಂಥದು ಎಂಬ ಪ್ರಶ್ನೆ ಸುಮಾರು ಅರ್ಧ ಶತಮಾನದಿಂದ ಪ್ರೋಗ್ರಾಂ ಬರೆಯುವವರನ್ನು ಕಾಡುತ್ತ ಬಂದಿದೆ. ಈ ಪ್ರಶ್ನೆಯ ಇತಿಹಾಸವನ್ನು ಬರೆಯಹೊರಟವನು ಮತ್ತೆ ಮತ್ತೆ ನಾರ್ವೆ ದೇಶದ ಓಸ್ಲೋ ನಗರಕ್ಕೆ ಹೋಗಬೇಕಾಗುವುದು ಒಂದು ಸೋಜಿಗ. ದತ್ತವನ್ನೂ ಅದರ ವ್ಯಾಪಾರವನ್ನೂ ಒಂದೇ 'ವಸ್ತು'ವಿನಲ್ಲಿ ಕೂಡಿಸಿದ ಸಿಮುಲಾ ಭಾಷೆಯನ್ನು 1960ರ ದಶಕದಲ್ಲಿ ಡಾಲ್ ಮತ್ತು ನೈಗಾರ್ಡ್ ಎಂಬ ವಿದ್ವಾಂಸರು ರೂಪಿಸಿದುದು ಅಲ್ಲಿಯೇ. ಅಮೆರಿಕದ ಜೆರಾಕ್ಸ್ ಪ್ರಯೋಗಶಾಲೆಗೆ ಅತಿಥಿಯಾಗಿ ಹೋಗಿ, 1979ರಲ್ಲಿ ಮಾದರಿ, ನೋಟ, ನಿಯಂತ್ರಕ ಎಂಬ ತ್ರಿವಿಧ ವಿಭಾಗವನ್ನು ಸೂಚಿಸಿದ ಟ್ರಿಗ್ವೆ ರೀನ್ಸ್ಕೌಗ್ ಕೂಡ ನಾರ್ವೆಯವರು. ಮಾದರಿಯು ತನ್ನನ್ನು ನೋಡುತ್ತಿರುವವರು ಯಾರೆಂಬುದನ್ನು ಅರಿಯದೆ ಇರಬೇಕು. ನೋಟವಾದರೋ ಮಾದರಿಯನ್ನು ಅರಿತಿರಲೇಬೇಕು ಎಂಬುದು ಆ ವಿಭಾಗದಿಂದ ಬೆಳೆದ ಸಂಪ್ರದಾಯದ ತಿರುಳು. ಆದರೆ ನೋಟಕ್ಕೆ ಆ ಅರಿವು ಬರುವ ದಾರಿ ಯಾವುದು? ಪ್ರಸ್ತುತ ಲೇಖನದ ವಿಷಯ ಇಷ್ಟೇ.

1994ರಲ್ಲಿ ಹೋವರ್ಡ್ ನೂರ್ಡ್ ಮತ್ತು ಐರಿಕ್ ಶಾಂಬೆ-ಎಂಗ್ ಎಂಬಿಬ್ಬರು ಸ್ಥಾಪಿಸಿದ ಟ್ರೋಲ್‌ಟೆಕ್ ಸಂಸ್ಥೆಯೂ ಓಸ್ಲೋದಲ್ಲಿಯೇ ನೆಲೆಸಿತು. ಮರುವರ್ಷ ಅದು ಹೊರತಂದ 'ಕ್ಯೂಟ್' ಎಂಬ ಉಪಕರಣಸಂಚಯ ಸಿ ಪ್ಲಸ್ ಪ್ಲಸ್ ಭಾಷೆಯಲ್ಲಿದ್ದು, ವಸ್ತುವೊಂದು ಸಂಕೇತ ಹೊರಡಿಸಿದರೆ ಬೇರೊಂದು ಅದನ್ನು ಸ್ವೀಕರಿಸುವ ಏರ್ಪಾಟಿನಿಂದ ಪ್ರಸಿದ್ಧವಾಯಿತು. 2008ರಲ್ಲಿ ನೋಕಿಯ ಸಂಸ್ಥೆ ಟ್ರೋಲ್‌ಟೆಕ್ಕನ್ನು ಕೊಂಡಿತು. ಬೆರಳು ತಾಗಿದರೆ ಜಾರುವ, ಬೆಳಗುವ ತೆರೆಗಳ ಕಾಲ ಅದು. ಅಂಥ ತೆರೆಗಳನ್ನು ಸಿ ಪ್ಲಸ್ ಪ್ಲಸ್‌ನಲ್ಲಿ ಹೆಜ್ಜೆಹೆಜ್ಜೆಯಾಗಿ ಬರೆಯುವುದು ಪ್ರಯಾಸದ ಕೆಲಸವಾಗಿದ್ದುದರಿಂದ, ತೆರೆ ಹೇಗಿರಬೇಕೆಂಬುದನ್ನು ಮಾತ್ರ ಘೋಷಿಸಿ, ಅದನ್ನು ಹಾಗೆ ಇರಿಸುವ ಹೊಣೆಯನ್ನು ಎಂಜಿನ್ನಿಗೆ ಬಿಡುವ ಹೊಸ ಭಾಷೆಯೊಂದು ಸಿದ್ಧವಾಯಿತು. ಇದೇ ಕ್ಯೂಎಂಎಲ್. 2010ರ ಸೆಪ್ಟೆಂಬರಿನಲ್ಲಿ ಕ್ಯೂಟ್ 4.7 ಆವೃತ್ತಿಯೊಡನೆ ಇದು ಪ್ರಕಟವಾಯಿತು.

ಹೀಗೆ ಒಂದೇ ಪ್ರೋಗ್ರಾಂ ಎರಡು ಭಾಷೆಗಳಲ್ಲಿ ಸೀಳಿತು. ಉದಾಹರಣೆಗೆ ಮೋಟಾರು ವಾಹನದ ಫಲಕವೊಂದನ್ನು ತೆಗೆದುಕೊಳ್ಳೋಣ. ವೇಗವನ್ನು ಅಳೆದು ತಿಳಿಸುವ 'ವಾಹನ' ಎಂಬ ವಸ್ತು ಸಿ ಪ್ಲಸ್ ಪ್ಲಸ್‌ನಲ್ಲಿದೆ; ಮುಳ್ಳನ್ನು ತಿರುಗಿಸುವ ವೇಗಸೂಚಕವೆಂಬ ಘಟಕ ಕ್ಯೂಎಂಎಲ್‌ನಲ್ಲಿದೆ. ಇವೆರಡನ್ನು ಪರಿಚಯಿಸಲು ಆರಂಭದಲ್ಲಿ ಬಳಕೆಗೆ ಬಂದ ಅತ್ಯಂತ ಸುಲಭವಾದ ಉಪಾಯವೆಂದರೆ ಸಂದರ್ಭದ ಪ್ರಾಪರ್ಟಿ. ಪ್ರೋಗ್ರಾಂ ಹೊರಡುವಾಗ ಒಂದೇ ಸಾಲಿನಲ್ಲಿ, ಈ ವಸ್ತುವಿಗೆ 'ವಾಹನ' ಎಂದು ಹೆಸರು ಎಂದು ಎಂಜಿನ್ನಿನ ಮೂಲ ಸಂದರ್ಭಕ್ಕೆ ಹೇಳಿಬಿಟ್ಟರೆ ಸಾಕು. ಎಷ್ಟೇ ಆಳದಲ್ಲಿರುವ ಘಟಕವಾದರೂ ಆ ಹೆಸರನ್ನು ಉಚ್ಚರಿಸಿ ವಸ್ತುವನ್ನು ಪಡೆಯಬಹುದು. ಪಾಠಪುಸ್ತಕಗಳೂ ಮಾದರಿ ಪ್ರೋಗ್ರಾಂಗಳೂ ಈ ಸಾಲನ್ನೇ ಕಲಿಸಿದುವು. ಅದರ ಸೌಲಭ್ಯವನ್ನು ಅಲ್ಲಗಳೆಯುವುದು ನ್ಯಾಯವಲ್ಲ.

ಆದರೆ ಈ ಸೌಲಭ್ಯಕ್ಕೆ ತೆತ್ತ ಬೆಲೆ ತಡವಾಗಿ ತಿಳಿಯಿತು. ವೇಗಸೂಚಕದ ಕಡತವನ್ನು ಬೇರೊಂದು ಪ್ರೋಗ್ರಾಂಗೆ ಒಯ್ದರೆ ಅಲ್ಲಿ 'ವಾಹನ' ಎಂಬ ಹೆಸರೇ ಇಲ್ಲ. ಕಡತದಲ್ಲಾದರೂ ಅದು ಬೇಕೆಂದು ಎಲ್ಲಿಯೂ ಬರೆದಿಲ್ಲ. ಕಂಪೈಲರ್ ಮೌನವಾಗಿರುತ್ತದೆ, ಓಡತೊಡಗಿದ ಮೇಲೆ, ಆ ಸಾಲು ಬಂದಾಗ ಮಾತ್ರ ದೋಷ ವರದಿಯಾಗುತ್ತದೆ, ಮುಳ್ಳು ಸೊನ್ನೆಯಲ್ಲಿ ನಿಂತಿರುತ್ತದೆ. ಚಾಲಕನು ನೋಡುವ ಫಲಕದಲ್ಲಿ ಇದು ಅಲ್ಪ ವಿಷಯವಲ್ಲ.

ಇನ್ನೂ ವಿಚಿತ್ರವಾದ ತೊಡಕೊಂದುಂಟು. ಈ ದೋಷವನ್ನು ಕಂಡು ಜಾಗರೂಕನಾದ ಲೇಖಕನು ತನ್ನ ಘಟಕಕ್ಕೆ 'ವಾಹನ' ಎಂಬ ಪ್ರಾಪರ್ಟಿಯನ್ನೇ ಕೊಟ್ಟು, ಅದನ್ನು ಬಳಸುವ ಕಡೆ 'ವಾಹನ: ವಾಹನ' ಎಂದು ಬರೆಯುತ್ತಾನೆನ್ನೋಣ. ಎಡಗಡೆಯದು ಘಟಕದ ಪ್ರಾಪರ್ಟಿ, ಬಲಗಡೆಯದು ಸಂದರ್ಭದ ವಸ್ತು ಎಂಬುದು ಅವನ ಅಭಿಪ್ರಾಯ. ಎಂಜಿನ್ನಿನ ಶೋಧಕ್ರಮ ಬೇರೆ: ಅದು ಮೊದಲು ಆ ಕಡತದ ಗುರುತುಗಳಲ್ಲಿ, ಬಳಿಕ ಯಾವ ವಸ್ತುವಿನ ಮೇಲೆ ಬೈಂಡಿಂಗ್ ಬರೆದಿದೆಯೋ ಅದರದೇ ಪ್ರಾಪರ್ಟಿಗಳಲ್ಲಿ, ಅನಂತರ ಕಡತದ ಮೂಲವಸ್ತುವಿನಲ್ಲಿ, ಕೊನೆಗೆ ಹೊರಗಿನ ಸಂದರ್ಭಗಳಲ್ಲಿ ಹೆಸರನ್ನು ಹುಡುಕುತ್ತದೆ. ಆದುದರಿಂದ ಬಲಗಡೆಯ 'ವಾಹನ'ವೂ ಘಟಕದ್ದೇ ಆಗಿ, ಪ್ರಾಪರ್ಟಿ ತನ್ನನ್ನು ತಾನೇ ಕೇಳಿಕೊಳ್ಳುವ ವರ್ತುಲದಲ್ಲಿ ಬೀಳುತ್ತದೆ. ಸರಿಯಾದ ದಾರಿಯನ್ನು ಹಿಡಿಯಹೊರಟವನಿಗೇ ಈ ಶಿಕ್ಷೆ! ಎರಡಕ್ಕೂ ಬೇರೆ ಬೇರೆ ಹೆಸರನ್ನಿಟ್ಟರೆ ತೊಡಕು ಬಿಡುತ್ತದೆಯೆಂಬುದೇನೋ ನಿಜ. ಆದರೆ ಅದು ತಿಳಿಯುವ ವೇಳೆಗೆ ಅರ್ಧ ದಿನ ಕಳೆದಿರುತ್ತದೆ.

ವಾಸ್ತವವಾಗಿ ಈ ವಾದ ಹಳೆಯದು. ಡೇವಿಡ್ ಪಾರ್ನಾಸ್ 1972ರಲ್ಲಿ ಪ್ರೋಗ್ರಾಂಗಳ ವಿಭಜನೆಯನ್ನು ಕುರಿತು ಬರೆದ ಪ್ರಬಂಧದಲ್ಲಿ, ಪ್ರತಿ ಭಾಗವೂ ಒಂದು ನಿರ್ಣಯವನ್ನು ಇತರರಿಂದ ಮರೆಮಾಡಬೇಕೆಂದು ಪ್ರತಿಪಾದಿಸಿದರು. ಮರುವರ್ಷ ವುಲ್ಫ್ ಮತ್ತು ಷಾ ಅವರು, ಎಲ್ಲರ ಕೈಗೂ ಎಟಕುವ ಚರಗಳೇ ಪ್ರೋಗ್ರಾಂ ದುರ್ಬೋಧವಾಗಲು ಮುಖ್ಯ ಕಾರಣಗಳಲ್ಲೊಂದೆಂದು ಆಕ್ಷೇಪಿಸಿದರು. ಸಂದರ್ಭದ ಪ್ರಾಪರ್ಟಿ ಆ ಚರವೇ. ವೇಷ ಮಾತ್ರ ಹೊಸದು. 2006ರಲ್ಲಿ ಮೈಕ್ರೋಸಾಫ್ಟ್ ಹೊರತಂದ ಡಬ್ಲ್ಯೂಪಿಎಫ್ ವ್ಯವಸ್ಥೆಯಲ್ಲಿಯೂ 'ಡೇಟಾಕಾಂಟೆಕ್ಸ್ಟ್' ಎಂಬುದು ಮರದ ಬೇರಿನಿಂದ ಎಲೆಗಳವರೆಗೆ ತಾನಾಗಿ ಹರಿಯುತ್ತದೆ. ಅಲ್ಲಿಯೂ ತಪ್ಪು ಹೆಸರು ಪ್ರೋಗ್ರಾಂ ಅನ್ನು ನಿಲ್ಲಿಸದೆ ತೆರೆಯನ್ನು ಬರಿದಾಗಿಸಿ ಸುಮ್ಮನಿರುತ್ತದೆ.

ನಮ್ಮ ಶಾಸ್ತ್ರಕಾರರು ವಾಕ್ಯಾರ್ಥಬೋಧೆಗೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರನ್ನು ಹೇಳಿದರಷ್ಟೆ. ಸಂದರ್ಭದ ಪ್ರಾಪರ್ಟಿಗೆ ಸನ್ನಿಧಿಯೊಂದೇ ಆಧಾರ: ಹತ್ತಿರದಲ್ಲಿ ಆ ಹೆಸರಿನದೇನಾದರೂ ಇದ್ದರೆ ಆಯಿತು. ಘಟಕಕ್ಕೆ ಏನು ಬೇಕೆಂಬ ಆಕಾಂಕ್ಷೆಯಾಗಲಿ, ಸಿಕ್ಕಿದ್ದು ತಕ್ಕ ಜಾತಿಯದೇ ಎಂಬ ಯೋಗ್ಯತೆಯಾಗಲಿ ಎಲ್ಲಿಯೂ ಲಿಖಿತವಾಗಿಲ್ಲ. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಆದರೂ ಮುಂದಿನ ಸುಧಾರಣೆಗಳು ಯಾವ ಕಡೆಗೆ ಸಾಗಿದುವೆಂಬುದನ್ನು ಇದು ಸ್ಪಷ್ಟಪಡಿಸುತ್ತದೆ.

ಮೊದಲ ಸುಧಾರಣೆ ಸಿಂಗಲ್ಟನ್. ಕ್ಯೂಟ್ 5ರ ಮೊದಲ ಆವೃತ್ತಿಗಳಿಂದಲೇ, ಹಿನ್ನೆಲೆಯ ವಸ್ತುವನ್ನು ಒಂದು ಮಾಡ್ಯೂಲಿನ ಹೆಸರಿನಲ್ಲಿ ದಾಖಲಿಸಿ, ಬೇಕಾದ ಕಡತವು ಅದನ್ನು ಆಮದು ಮಾಡಿಕೊಳ್ಳುವ ಪದ್ಧತಿ ಬೆಳೆಯಿತು. ಅವಲಂಬನೆ ಕಡತದ ತಲೆಯಲ್ಲಿಯೇ ಕಾಣುತ್ತದೆ. ವಸ್ತುವಿನ ಜಾತಿ ಪರೀಕ್ಷಕ ಸಾಧನಗಳಿಗೆ ಮೊದಲೇ ತಿಳಿಯುತ್ತದೆ. ಆದರೆ ಒಂದು ಎಂಜಿನ್ನಿಗೆ ಇದು ಒಂದೇ. ನಿಜವಾದ ವಾಹನವಿಲ್ಲದೆ ಕೃತಕ ವಾಹನವೊಂದನ್ನು ಕೊಟ್ಟು ಸೂಚಕವನ್ನು ಪರೀಕ್ಷಿಸಲು ಬಯಸುವವನಿಗೆ ಇದು ಅಡ್ಡಿ.

ಎರಡನೆಯದು 2020ರ ಮೇ ತಿಂಗಳಲ್ಲಿ ಕ್ಯೂಟ್ 5.15ರೊಡನೆ ಬಂದ ಕಡ್ಡಾಯ ಪ್ರಾಪರ್ಟಿ. ನನಗೆ ವಾಹನವೆಂಬ ಜಾತಿಯ ವಸ್ತುವೊಂದನ್ನು ಕೊಡದ ಹೊರತು ನಾನು ಹುಟ್ಟಲಾರೆನೆಂದು ಘಟಕ ಇಲ್ಲಿ ಬಾಯಿಬಿಟ್ಟು ಹೇಳುತ್ತದೆ. ಈ ಲೇಖಕನ ಮತದಲ್ಲಿ, ಬೇರೆಡೆಗೆ ಒಯ್ಯಬೇಕಾದ ಘಟಕಗಳಿಗೆ ಇದಕ್ಕಿಂತ ಪ್ರಾಮಾಣಿಕವಾದ ಮಾರ್ಗವಿಲ್ಲ. ಆದರೆ ಆರು ಹಂತಗಳ ಕೆಳಗಿರುವ ಸೂಚಕಕ್ಕೆ ವಸ್ತುವನ್ನು ಮುಟ್ಟಿಸಲು ನಡುವಿನ ಐದು ಘಟಕಗಳೂ ತಮಗೆ ಬೇಡವಾದುದನ್ನು ಕೈಯಿಂದ ಕೈಗೆ ದಾಟಿಸಬೇಕು. ರಿಯಾಕ್ಟ್ ಬಳಸುವವರಿಗೂ ಇದೇ ಬೇಸರ ಬಂದು, 2018ರಲ್ಲಿ ಅಲ್ಲಿ 'ಕಾಂಟೆಕ್ಸ್ಟ್' ಎಂಬ ಹೊಸ ಏರ್ಪಾಟು ಅಧಿಕೃತವಾಯಿತು. ಒಂದು ಪಾಳೆಯ ಬಿಟ್ಟುಹೊರಟ ದಾರಿಗೆ ಇನ್ನೊಂದು ಪಾಳೆಯ ಬಂದು ಸೇರಿದಂತಾಯಿತು.

ಒಡೆತನದ ಪ್ರಶ್ನೆ ಬೇರೆಯೇ ಇದೆ. ಸಂದರ್ಭಕ್ಕೆ ಕೊಟ್ಟ ವಸ್ತು ಸಿ ಪ್ಲಸ್ ಪ್ಲಸ್‌ನ ವಶದಲ್ಲಿಯೇ ಉಳಿಯುತ್ತದೆ. ಕ್ಯೂಎಂಎಲ್ ಕರೆದ ಕಾರ್ಯವೊಂದು ಹಿಂದಿರುಗಿಸಿದ ವಸ್ತುವಿಗೆ ಪೋಷಕ ವಸ್ತುವಿಲ್ಲದಿದ್ದರೆ ಮಾತ್ರ, ಬೇರೆ ಹೇಳದ ಹೊರತು, ಅದು ಎಂಜಿನ್ನಿನ ಪಾಲಾಗಿ, ಯಾರೂ ಬಳಸುತ್ತಿಲ್ಲವೆಂದು ಕಂಡ ಕ್ಷಣ ಕಸದೊಡನೆ ಗುಡಿಸಿಹೋಗಬಹುದು. ಅತ್ತ ಸಿ ಪ್ಲಸ್ ಪ್ಲಸ್ ಇನ್ನೂ ಅದನ್ನು ನಂಬಿ ಕುಳಿತಿರುತ್ತದೆ.

2020ರ ಡಿಸೆಂಬರಿನಲ್ಲಿ ಕ್ಯೂಟ್ 6 ಪ್ರಕಟವಾದ ಬಳಿಕ, ಕ್ಯೂಎಂಎಲ್ ಅನ್ನು ಮೊದಲೇ ಸಿ ಪ್ಲಸ್ ಪ್ಲಸ್‌ಗೆ ಪರಿವರ್ತಿಸುವ ಕಂಪೈಲರುಗಳು ಬಂದುವು. ಹೆಸರಿನ ಜಾತಿ ತಿಳಿಯದೆ ಇವು ಮುಂದುವರಿಯಲಾರವು. ಹೀಗಾಗಿ ಸಂದರ್ಭದ ಪ್ರಾಪರ್ಟಿ ಬೇಡವೆಂಬ ಮಾತಿಗೆ ಶಿಸ್ತಿನ ಜೊತೆಗೆ ವೇಗದ ಕಾರಣವೂ ಕೂಡಿಕೊಂಡಿತು. ಆದರೂ ಆ ಒಂದು ಸಾಲನ್ನು ಕ್ಯೂಟ್ 6 ತೆಗೆದುಹಾಕಲಿಲ್ಲ. ಮೊದಲ ದಿನಗಳಲ್ಲಿ ಬರೆದ ಎಷ್ಟೋ ಪ್ರೋಗ್ರಾಂಗಳು ಅದರ ಮೇಲೆಯೇ ನಿಂತಿದ್ದುವು.